ಒಣಗಿದ ಮೇಲೆ

ಒದ್ದೆಯಿದ್ದಾಗ ಎಲ್ಲವೂ ಹೊಸದೇ.
ಇದೇ ಮೋಸ ಈ ಪ್ಲಾಸ್ಟಿಕ್ಕಿನದು.
ಪೈಪು ಹಿಡಿದರೆ ಕೆಂಪು ಮಡ್‌ಗಾರ್ಡು
ಅಂಗಡಿಯಿಂದ ಬಂದ ದಿನದ ಹಾಗೆ ಮಿರುಗುತ್ತದೆ;
ಗಾಳಿ ಒಂದು ಸುತ್ತು ಒರೆಸಿ ಹೋಗಲಿ,
ಮೆಲ್ಲಗೆ ಮೂಡುತ್ತದೆ ಬೂದಿಬಿಳಿ ಪೊರೆ,
ಮುದುಕರ ಕಣ್ಣಿಗೆ ಬರುವಂಥದ್ದು.

ಕರಾಶೋಕಿನ ಪೆಟ್ರೋಲ್ ಬಂಕಿನ ಹಿಂದೆ
ಇಪ್ಪತ್ತು ಕ್ರೋನಿಗೆ ಮೂರು ನಿಮಿಷ ನೀರು.
ಅಕ್ಟೋಬರ್. ಇವತ್ತೋ ನಾಳೆಯೋ ಹಿಮ.
ಆಮೇಲೆ ಈ ನಾಲ್ಕು ಚಕ್ರಕ್ಕೆ ಕೆಲಸವಿಲ್ಲ.
ಆಲ್ಟಾದಿಂದ ಕೊಳ್ಳುವವನು ಬರುತ್ತಾನಂತೆ,
ತೊಳೆದಿಡು ಎಂದ ಇಸ್ಸಾತ್, ನನ್ನ ತಮ್ಮ.
ಎಂದದ್ದಲ್ಲ, ಚೀಟಿ ಬರೆದಿಟ್ಟದ್ದು.
ಜುಲೈನಿಂದ ನಮ್ಮಿಬ್ಬರದು ಚೀಟಿ ಮಾತು:
ಪೆಟ್ರೋಲ್ ಮುಗಿದಿದೆ. ಹಗ್ಗ ತಂದಿದ್ದೇನೆ. ನಾಯಿಗೆ ಹಾಕು.

ಈ ಮಣ್ಣು ಒಂದು ದಿನದ್ದಲ್ಲ.
ಮೇಲಿನದು ಮೊನ್ನೆಯ ಜೌಗು, ಕಪ್ಪು, ಕೊಳೆತ ಪಾಚಿಯ ನಾತ.
ಕೆಳಗೆ ಹೊಳೆ ದಾಟಿದ ಮರಳು.
ಅದರಡಿ, ಉಗುರಿಂದ ಕೆರೆದರೆ ಮಾತ್ರ,
ಬೇಸಿಗೆಯ ಧೂಳು, ಗೋಡೆಯ ಸುಣ್ಣದ ಹಾಗೆ ಗಟ್ಟಿ.
ತಿಂಗಳುಗಳನ್ನು ಹಿಂದಕ್ಕೆ ಹಿಂದಕ್ಕೆ ತೊಳೆಯುತ್ತಿದ್ದೇನೆ.

ಜೋರು ನೀರು ಹತ್ತಿರ ಹಿಡಿದರೆ ಸ್ಟಿಕ್ಕರು ಏಳುತ್ತದೆ.
ಒಣ ಮಣ್ಣು ಉಜ್ಜಿದರೆ ಅದರ ಮರಳೇ ಗೀರುತ್ತದೆ.
ನೆನೆಸಬೇಕು, ನೆನೆಯಲು ಬಿಡಬೇಕು,
ಆಮೇಲೆ ಪಾತ್ರೆ ಸೋಪು, ಸವೆದ ಹಲ್ಲುಜ್ಜುವ ಬ್ರಷ್ಷು.
ಕಪ್ಪು ಭಾಗಕ್ಕೆ ಕಡಲೆಕಾಯಿ ಬೆಣ್ಣೆ ಹಚ್ಚು,
ಎಣ್ಣೆಯಂತೆ ಹೊಳೆಯುತ್ತೆ ಎಂದಿದ್ದಳು ಚಿಕ್ಕಮ್ಮ.
ಹಚ್ಚಿದೆ ಹೋದ ವರ್ಷ.
ನಾಯಿ ಇಡೀ ಸಂಜೆ ನೆಕ್ಕಿತು.

ಹಿಂದಿನ ಮಡ್‌ಗಾರ್ಡಿನಡಿ ಬ್ರಷ್ಷು ಹೋಗದ ಸಂದಿ.
ಎಂಟು ಕ್ಲಿಪ್ಪು. ಚಳಿಗೆ ಪ್ಲಾಸ್ಟಿಕ್ಕು ಹಪ್ಪಳ,
ಎರಡು ಲಟಕ್ಕೆಂದವು. ಎತ್ತಿದೆ.
ಒಳಗೊಂದು ಗುಡ್ಡವೇ ಕೂತಿತ್ತು:
ಬರ್ಚ್ ಎಲೆ, ಹಿಮಸಾರಂಗದ ಕೂದಲು, ತುಕ್ಕು ಮೊಳೆ,
ಕಿತ್ತಳೆ ಸಿಪ್ಪೆಯೆಂದು ನಾನು ಎಸೆಯಹೋದ ಒಂದು ಚೂರು.

ಕಿವಿ.
ಹೆಬ್ಬೆರಳ ಉಗುರಿನಷ್ಟು ಕಿವಿ.
ಒಂದು ಬದಿಗೆ ಇನ್ನೂ ಕೂದಲು,
ಅಂಚಿಗೆ ನನ್ನ ಚಾಕುವಿನ ಓರೆ.

ಸೂರ್ಯ ಮುಳುಗದ ಜುಲೈ ರಾತ್ರಿ
ಮರಿಗಳ ಕಿವಿಗೆ ಗುರುತು ಹಾಕುತ್ತಿದ್ದೆವು.
ಕತ್ತರಿಸಿದ ಚೂರು ಜೇಬಿಗೆ,
ಬೆಳಿಗ್ಗೆ ಚೂರು ಎಣಿಸಿದರೆ ಮರಿಗಳ ಲೆಕ್ಕ.
ಅರವತ್ತೆರಡು, ಎಂದೆ.
ಜೇಬಿನಲ್ಲಿ ಅರವತ್ತೊಂದು.
ಕೊನೆಯದು ಹೆಣ್ಣು, ಒಂದು ಕಾಲು ಬಿಳಿ,
ಮೊಣಕೈಗೆ ಒದ್ದದ್ದು ನೋಡು, ಊದಿದೆ, ಎಂದೆ.
ನಿನ್ನ ಬಾಯಿಲೆಕ್ಕ ಪುಸ್ತಕಕ್ಕೆ ಬರೆಯೋಕಾಗಲ್ಲ, ಎಂದ.
ಅಷ್ಟಕ್ಕೇ ನಿಲ್ಲಬಹುದಿತ್ತು.
ಅದರ ಬೆನ್ನಿಗೆ ಅಮ್ಮನ ಬೆಳ್ಳಿ ಗುಂಡಿ ಬಂತು,
ಯಾರು ಎಷ್ಟು ರಾತ್ರಿ ಕಾವಲು ಕೂತರು ಎಂಬುದು ಬಂತು,
ನಾಯಿ ಯಾರದೆಂಬುದೂ.

ಮರಿ ಮಾತ್ರ ಕಿವಿ ಕೊಟ್ಟಿತ್ತು.
ನಾವು ಕಿವಿಗೊಡಲಿಲ್ಲ.
ಮೂರು ತಿಂಗಳು ನನ್ನ ಸೀಟಿನ ಕೆಳಗೇ ಕೂತು
ಎಂಜಿನ್ನಿನ ಸದ್ದು ಕೇಳುತ್ತಿತ್ತು ಅದು.

ಬಕೆಟ್ಟಿನಲ್ಲಿ ಅದ್ದಿ ತೊಳೆದೆ.
ಸೀಟಿನ ಮೇಲೆ, ಎದ್ದು ಕಾಣುವ ಹಾಗೆ, ಇಟ್ಟೆ.
ಗೆದ್ದೆನೆನ್ನಲು ಎರಡು ಮಾತು ಕೂಡ ಹೊಂದಿಸಿಕೊಂಡಿದ್ದೆ.

ವ್ಯಾನು ನಿಲ್ಲಿಸಿ ಇಸ್ಸಾತ್ ಬಂದ.
ನೋಡಿದ. ಎತ್ತಿಕೊಂಡ. ಮಗುಚಿದ.
ಅಂಚಿನ ಓರೆಯ ಮೇಲೆ ಬೆರಳಾಡಿಸಿದ.
ಅಂಗಿ ಜೇಬಿಗೆ ಹಾಕಿ ಗುಂಡಿ ಹಾಕಿದ.

"ಇಲ್ಲಿ ಬಿಳಿ ಹೋಗಿಲ್ಲ" ಎಂದ ಕೊನೆಗೆ,
ಮಡ್‌ಗಾರ್ಡು ತೋರಿಸಿ. ಬಾಯಿಂದ. ಕಾಗದವಿಲ್ಲದೆ.
"ಒಣಗಿದ ಮೇಲೆ ಹಾಗೇ ಕಾಣೋದು" ಎಂದೆ.

ಹೊಂದಿಸಿಟ್ಟ ಎರಡು ಮಾತು
ಎಲ್ಲಿಟ್ಟೆನೋ ಸಿಗಲಿಲ್ಲ.

ಅವನು ತನ್ನ ಜೇಬಿಂದ ನಾಣ್ಯ ತೆಗೆದು ಹಾಕಿದ.
ಪೈಪು ಒಮ್ಮೆ ಕೆಮ್ಮಿ ಬಿಟ್ಟಿತು ನೀರು.
ಬ್ರಷ್ಷಿಗೆ ಕೈ ಚಾಚಿದ.
ಮೂರು ನಿಮಿಷ.